ಹಾಯಿಗಂಬದ ಬುಡ

ಹೋದ ತಿಂಗಳು ನಮ್ಮ ಇಳಕಲ್ಲಿನ ಮನೆಗೆ ಹೊಸ ಬಾಗಿಲು ಕೂಡಿಸಿದರು. ಚೌಕಟ್ಟು ನಿಲ್ಲಿಸಿದ ಬಡಿಗ ಅದಕ್ಕೆ ಅಗಸೆ ಎಣ್ಣೆ ಹಚ್ಚುತ್ತಿದ್ದ. ಒಳಗೆ ಜೋಳ ಹಸನು ಮಾಡುತ್ತಾ ಕೂತಿದ್ದ ನನ್ನ ಮೂಗಿಗೆ ಆ ವಾಸನೆ ಬಂದದ್ದೇ ತಡ, ಮೊರ ಕೆಳಗಿಟ್ಟು ಎದ್ದು ಹೋದೆ.

"ತಮ್ಮಾ, ಈ ಕಟ್ಟಿಗಿ ಬುಡ ಯಾವ ಕಡೆ ಐತಿ?" ಎಂದೆ.

ಆತ ನಕ್ಕ. "ಬುಡ ಎಲ್ಲಿಂದ ತರ್ತೀರಿ ಅಮ್ಮಾರ? ಮಶೀನಿನ್ಯಾಗ ಕೊಯ್ದು ಬಂದೈತಿ. ಎರಡೂ ಕಡೆ ಒಂದ."

ನಾನು ಬಡಿಗೇರ ಮನೆಯ ಮಗಳು, ಬಡಿಗೇರ ಮನೆಯ ಸೊಸೆ. ಮರ ಕಡಿದು ತೊಲೆ ಮಾಡಿದರೂ, ಕಂಬ ಮಾಡಿದರೂ, ಭೂಮಿಯಲ್ಲಿ ಬೇರಿದ್ದ ಕಡೆ ಕೆಳಗೇ ಇರಬೇಕು, ಟೊಂಗೆಯಿದ್ದ ಕಡೆ ಮೇಲೇ ಇರಬೇಕು. ತಲೆಕೆಳಗು ನಿಲ್ಲಿಸಿದ ಕಂಬದ ಮನೆಯಲ್ಲಿ ನೀರೂ ಕುಡಿಯಬಾರದು ಎನ್ನುತ್ತಿದ್ದ ನಮ್ಮಪ್ಪ. ಆತನಿಗೇ ನಾನು ಒಂದು ಮರದ ಬುಡದ ಬಗ್ಗೆ ಸುಳ್ಳು ಹೇಳಿದ್ದೆ. ಆ ವರ್ಷವೆಲ್ಲ ಈ ಎಣ್ಣೆಯ ವಾಸನೆಯಲ್ಲೇ ಕಳೆದಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಯಾವ ಇಸವಿ ಎಂದು ಸರಿಯಾಗಿ ಹೇಳಲಾರೆ. ನಮ್ಮ ಊರಲ್ಲಿ ಅದಕ್ಕೆ ನೀರು ನಿಂತ ವರ್ಷ ಎಂದೇ ಹೆಸರು. ಊರು ಹುನಗುಂದ ತಾಲೂಕಿನದು, ಕೃಷ್ಣೆಯ ದಂಡೆಯ ಮೇಲೆ, ಕೂಡಲಸಂಗಮದಿಂದ ಕೆಳಗೆ ನಡೆದರೆ ಅರ್ಧ ದಿನದ ದಾರಿ. ಹೊಳೆಯ ಕೆಳಗಡೆ ಕಟ್ಟಿದ ಅಣೆಕಟ್ಟಿಗೆ ನೀರು ನಿಲ್ಲಿಸಿದ ಮೇಲೆ, ಹರಿಯುತ್ತಿದ್ದ ಹೊಳೆ ನಮ್ಮೂರಿನ ಮುಂದೆ ಕೆರೆಯ ಹಾಗೆ ಹರಡಿಕೊಂಡು ನಿಂತಿತು. ಕೆಳಗಿನ ಓಣಿಯವರೆಲ್ಲ ಮನೆ ಬಿಚ್ಚಿ, ತೊಲೆ ಬಾಗಿಲು ಕಿತ್ತುಕೊಂಡು, ದಿಬ್ಬದ ಮೇಲಿನ ಹೊಸ ಊರಿಗೆ ಸಾಗುತ್ತಿದ್ದರು. ನಮ್ಮದೂ ಕೆಳಗಿನ ಓಣಿಯೇ.

ಆ ವರ್ಷ ಯುಗಾದಿಯಾದ ವಾರಕ್ಕೆ ನನ್ನ ಚೊಚ್ಚಲ ಕೂಸು ತೀರಿಕೊಂಡಿತು. ಮೂರು ತಿಂಗಳ ಹೆಣ್ಣು. ತವರಲ್ಲೇ ಹೆತ್ತಿದ್ದೆ, ತವರಲ್ಲೇ ಕಳೆದುಕೊಂಡೆ. ಎರಡು ದಿನ ಜ್ವರ ಬಂತು, ಮೂರನೆಯ ದಿನ ಇರಲಿಲ್ಲ. ಅವ್ವ ಮೊದಲೇ ಇರಲಿಲ್ಲ; ಬಾಣಂತನಕ್ಕೆ ಬಂದಿದ್ದ ಸೋದರತ್ತೆ ಅತ್ತು ಅತ್ತು ತನ್ನೂರಿಗೆ ಹೋದಳು. ನಾನು ಅಳಲಿಲ್ಲ. ಬೆಳಿಗ್ಗೆ ಏಳುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ಅಪ್ಪನಿಗೆ ಹಾಕಿ ನಾನೂ ತಿನ್ನುತ್ತಿದ್ದೆ. ರೊಟ್ಟಿ ಹೇಗಿತ್ತೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಓಣಿಯ ಹೆಂಗಸರು "ಅತ್ತಬಿಡ ಯವ್ವಾ, ಎದಿ ಹಗುರಾಗತೈತಿ" ಎಂದು ಮಗ್ಗುಲಲ್ಲಿ ಕೂತು ತಾವೇ ಅತ್ತು ಹೋಗುತ್ತಿದ್ದರು. ನಾನು ಅವರಿಗೆ ಚಹಾ ಮಾಡಿ ಕೊಡುತ್ತಿದ್ದೆ. ದುಃಖ ಎಂದರೆ ಏನೋ ಆಗಬೇಕಲ್ಲ, ನನಗೇನೂ ಆಗುತ್ತಿರಲಿಲ್ಲ.

ನನ್ನ ಗಂಡ ಇಳಕಲ್ಲಿನಲ್ಲಿ ಮಗ್ಗದ ಕಟ್ಟಿಗೆ ಕೆಲಸ ಮಾಡುತ್ತಿದ್ದರು. ಎರಡು ಸಲ ಕರೆಯಲು ಬಂದರು. "ಅಪ್ಪಗ ಕಣ್ಣ ಕಾಣಂಗಿಲ್ರಿ, ಮನಿ ಬಿಚ್ಚೂದೈತಿ, ಪಂಚಮಿ ಆದ ಮ್ಯಾಲೆ ಬರ್ತೇನಿ" ಎಂದೆ. ಅದು ನೆಪವೂ ಹೌದು, ಖರೆಯೂ ಹೌದು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಕೆಲಸ ಮಾತ್ರ ಬಿಟ್ಟಿರಲಿಲ್ಲ. ಕೂರಿಗೆ, ಕುಂಟೆ, ಬಂಡಿಯ ಗಾಲಿ, ಎಲ್ಲವನ್ನೂ ಕೈಯಿಂದ ಸವರಿ ನೋಡಿಯೇ ಮಾಡುತ್ತಿದ್ದ.

ಕಾರಹುಣ್ಣಿಮೆ ಮುಗಿದ ಮರುದಿನ ಅಂಬಿಗರ ದುರಗಪ್ಪ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಅವರಜ್ಜನ ಕಾಲದಿಂದಲೂ ನಮ್ಮೂರ ಘಾಟಿನಲ್ಲಿ ದೋಣಿ ಹಾಕುವವರು ಅವರೇ.

"ಮೌನಪ್ಪಣ್ಣ, ನನ್ನ ಘಾಟು ಹೋಗ್ತೈತಿ" ಎಂದ ಅಪ್ಪನಿಗೆ.

ಗಳ ಊರಿ ದೋಣಿ ನೂಕುವುದು ಅವನ ರೂಢಿ. ಈಗ ನೀರಿನ ಆಳಕ್ಕೆ ಗಳ ತಳ ಮುಟ್ಟುತ್ತಿರಲಿಲ್ಲ. ಹುಟ್ಟು ಹಾಕೋಣವೆಂದರೆ ಬಲಗೈ ಭುಜ ಹಿಡಿದುಕೊಂಡಿತ್ತು. ಮಳೆಗಾಲದ ಗಾಳಿಗೆ ಅರ್ಧ ಹೊಳೆಗೆ ಹೋಗುವಷ್ಟರಲ್ಲಿ ದೋಣಿ ಊರು ಬಿಟ್ಟು ಊರಿಗೆ ತೇಲಿಹೋಗುತ್ತಿತ್ತು. ಆಚೆ ದಂಡೆಯ ಒಬ್ಬ ಎಣ್ಣೆ ಇಂಜಿನ್ನಿನ ಬೋಟು ತರುತ್ತೇನೆಂದು ಊರ ಹಿರಿಯರನ್ನು ಕಂಡಿದ್ದ. ಹಿರಿಯರು ದುರಗಪ್ಪನಿಗೆ ಒಂದು ಮಾತು ಹೇಳಿದ್ದರು. ನಾಗರ ಪಂಚಮಿಗೆ ಆಚೆ ದಂಡೆಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಅವರನ್ನು ನೀನು ಕರೆತಂದರೆ ಘಾಟು ನಿನ್ನದು, ಇಲ್ಲದಿದ್ದರೆ ಬೋಟಿನವನದು.

"ನಮ್ಮಜ್ಜ ಹೊಳಿ ತುಂಬಿದಾಗ ಹಾಯಿ ಕಟ್ಟತಿದ್ನಂತ. ದೋಣ್ಯಾಗ ಕಂಬ ಕೂಡಸೂ ತೂತು ಇನ್ನಾ ಐತಿ. ಗಾಳಿ ಪಡುವಣದಿಂದ ಅಡ್ಡ ಹೊಡಿತೈತಿ. ಹೋಗಾಕೂ ಅದ ಗಾಳಿ, ಬರಾಕೂ ಅದ ಗಾಳಿ. ನನಗ ಒಂದು ಕಂಬ ಮಾಡಿ ಕೊಡು."

"ಲೇ ದುರಗ್ಯಾ, ನಾ ಹಾಯಿಗಂಬ ಕನಸಿನ್ಯಾಗೂ ಕಂಡಿಲ್ಲ" ಎಂದ ಅಪ್ಪ.

"ನಾನೂ ಕಂಡಿಲ್ಲ. ಇಬ್ರೂ ಸಮಾ ಆದ್ವಿ."

ಅಪ್ಪನಿಗೆ ನಗು ಬಂತು. ಕೆಲಸ ಒಪ್ಪಿಕೊಂಡ ಎಂದು ನನಗೆ ಆಗಲೇ ತಿಳಿಯಿತು.

ಅಷ್ಟು ಉದ್ದದ ನೆಟ್ಟಗಿನ ಕಟ್ಟಿಗೆ ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಜಾಲಿ ಸೊಟ್ಟ, ಬೇವು ಭಾರ. ಅಪ್ಪ ತನ್ನ ಕೆಲಸದ ಚಪ್ಪರದ ತೊಲೆಯನ್ನೇ ಇಳಿಸಲು ಹೇಳಿದ. ಸಾಗವಾನಿ, ಆತನ ಅಜ್ಜ ಹಾಕಿಸಿದ್ದು. ಅದನ್ನು ಬಂಡಿಯ ಮೇಲೆ ಹೇರಿ ಹೊಳೆದಂಡೆಯ ಹುಣಸೆಮರದ ಕೆಳಗೆ ತಂದು ಹಾಕಿದರು. ತಲೆಮಾರಿನಿಂದ ಹೊಗೆ ಹಿಡಿದು ನಾಲ್ಕೂ ಮಗ್ಗುಲು ಕರ್ರಗಾಗಿತ್ತು. ಎರಡೂ ತುದಿ ಸಮನಾಗಿ ಕೊಯ್ದದ್ದು. ಬುಡ ಯಾವುದು ಎಂದು ನೋಡಿ ಹೇಳುವಂತಿರಲಿಲ್ಲ. ಕಣ್ಣಿಲ್ಲದ ಅಪ್ಪನಿಗಂತೂ ದೂರದ ಮಾತು.

ಅದಕ್ಕೊಂದು ಹಳೆಯ ಪದ್ಧತಿಯಿದೆ. ತೊಲೆಯನ್ನು ನಿಂತ ನೀರಿಗೆ ಬಿಡಬೇಕು. ಬುಡದ ಕಡೆ ಭಾರ, ಅದು ಒಂದಿಷ್ಟು ಹೆಚ್ಚು ಮುಳುಗುತ್ತದೆ.

"ನೀಲಾ, ಹಾರಿ ತಗೊಂಡು ಇದನ್ನ ನೀರಿಗಿ ಉರುಳಿಸು. ಮುಳುಗಿದ ಕಡೆಗೆ ಸುಣ್ಣ ಹಚ್ಚು. ಆಮ್ಯಾಲೆ ದಂಡಿಗಿ ಎಳದು ಹಾಕು" ಎಂದು ಹೇಳಿ ಅಪ್ಪ ಬಾಚಿಗೆ ಸಾಣೆ ಹಿಡಿಯಲು ಮನೆಗೆ ಹೋದ. ದುರಗಪ್ಪ ಪುಂಡಿನಾರು ತರಲು ಹೋಗಿದ್ದ.

ಹಾರೆ ನನ್ನ ಕೈಯಲ್ಲೇ ಇತ್ತು. ನೀರು ಹತ್ತು ಹೆಜ್ಜೆಯ ಮೇಲಿತ್ತು. ನಾನು ತೊಲೆಯ ಮೇಲೆ ಕೂತೆ. ಹೊಳೆ ನೋಡಿದೆ. ಎಷ್ಟು ಹೊತ್ತು ಕೂತೆನೋ ತಿಳಿಯದು. ಬಿಸಿಲು ಮರದ ಈ ಕಡೆಯಿಂದ ಆ ಕಡೆಗೆ ಹೋಗಿತ್ತು. ಆಮೇಲೆ ಎದ್ದು, ಸುಣ್ಣದ ಗಡಿಗೆಯಲ್ಲಿ ಬೆರಳದ್ದಿ, ಕೈಗೆ ಹತ್ತಿರವಿದ್ದ ತುದಿಗೆ ಬಳಿದು ಮನೆಗೆ ಹೋದೆ. ಮೈಗಳ್ಳತನವಲ್ಲ ಅದು. ಬುಡ ಯಾವುದಾದರೇನು, ತುದಿ ಯಾವುದಾದರೇನು ಎನ್ನಿಸಿತ್ತು, ಅಷ್ಟೇ.

ದುರಗಪ್ಪ ಬಂದು ಸುಣ್ಣ ನೋಡಿದ. "ಹಗಲಿಡೀ ಬಿಸಲಿತ್ತು, ತೊಲಿ ಒಣಗೇಬಿಟ್ಟೈತಿ" ಎಂದು ತಾನೇ ಹೇಳಿಕೊಂಡ. ಯಾರೂ ಏನೂ ಕೇಳಲಿಲ್ಲ.

ಮರುದಿನದಿಂದ ಕೆಲಸ ಹಿಡಿಯಿತು. ಅಪ್ಪ ಮೊದಲು ತೊಲೆಯ ನಾಲ್ಕು ಮೂಲೆ ಕೆತ್ತಿ ಎಂಟು ಮಾಡಿದ, ಎಂಟನ್ನು ಹದಿನಾರು ಮಾಡಿದ. ಆಮೇಲೆ ರಂದಾ ಹೊಡೆದು ದುಂಡಗೆ ಮಾಡುತ್ತಾ, ಸುಣ್ಣದ ಗುರುತಿನ ಕಡೆ ದಪ್ಪ ಉಳಿಸಿ ಇನ್ನೊಂದು ಕಡೆ ಸಣ್ಣಗೆ ತೆಗೆದುಕೊಂಡು ಹೋದ. ಕಂಬಕ್ಕೆ ಅಡ್ಡ ಕಟ್ಟಲು ಒಂದು ಬಿದಿರ ಗಳ, ಹಾಯಿ ಎತ್ತಲು ನಮ್ಮ ಬಾವಿಯ ಹಳೆ ರಾಟೆ, ಹಗ್ಗ ಸುತ್ತಲು ಜಾಲಿಯ ನಾಲ್ಕು ಗೂಟ. ದುರಗಪ್ಪ ಹುಣಸೆಯ ನೆರಳಲ್ಲಿ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಆಷಾಢದ ಗಾಳಿ ರಂದಾದಿಂದ ಸುರುಳಿಯಾಗಿ ಉದುರಿದ ಹೆಪ್ಪಳಿಕೆಯನ್ನೆಲ್ಲ ಹಾರಿಸಿಕೊಂಡು ಹೋಗಿ ನೀರಿನ ಮೇಲೆ ಹಾಕುತ್ತಿತ್ತು. ಒಮ್ಮೊಮ್ಮೆ ಸಣ್ಣ ಜಿಟಿಜಿಟಿ ಮಳೆ. ನನ್ನ ಕೆಲಸ ಎಣ್ಣೆ ಹಚ್ಚುವುದು. ಅಗಸೆ ಎಣ್ಣೆ ಕಾಯಿಸಿ, ಹಳೇ ಧೋತರದ ಚೂರಿನಿಂದ, ಕೆತ್ತಿದಷ್ಟಕ್ಕೆ ಹಚ್ಚುತ್ತಾ ಹೋಗುವುದು. ಕೈಯೆಲ್ಲ ಅದೇ ವಾಸನೆ, ರೊಟ್ಟಿಯೆಲ್ಲ ಅದೇ ವಾಸನೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅಪ್ಪ ರಂದಾ ನಿಲ್ಲಿಸಿದ.

"ನೀಲಾ, ಕಟ್ಟಿಗಿ ಎಳಿ ಏಳಾಕತ್ತೈತಿ. ಬುಡದಿಂದ ತುದಿಗಿ ಹೊಡದ್ರ ಹಿಂಗ ಏಳಬಾರದು. ಬುಡ ಖರೆ ಈ ಕಡೇನ ಮುಳುಗಿತ್ತಲ್ಲ?"

"ಹೂಂ" ಎಂದೆ.

ಇನ್ನೆರಡು ದಿನ ಬಿಟ್ಟು, ಒಂದು ಗಂಟಿನ ಮೇಲೆ ಬೆರಳಾಡಿಸುತ್ತಾ ಮತ್ತೆ ಕೇಳಿದ. ಮರದಲ್ಲಿ ಟೊಂಗೆ ಮೇಲಕ್ಕೆ ಹೊರಟಿರುತ್ತದೆ, ಅದರ ಗಂಟೂ ಮೇಲಕ್ಕೇ ಮುಖ ಮಾಡಿರುತ್ತದೆ. "ಈ ಗಂಟ ಕೆಳಗ ನೋಡಾಕತ್ತೈತಿ ಅನಸ್ತೈತಿ. ನೀ ಖರೆ ಹೇಳ್ತೀಯಲ್ಲ?"

"ಹೂಂ, ಖರೆ."

"ಹಂಗಾರ ನನ್ನ ಕೈ ಕೆಟ್ಟಾವ ಬಿಡು" ಎಂದು ಅಪ್ಪ ಮತ್ತೆ ಬಗ್ಗಿ ಕೂತ.

ಆಗ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೆದರಿಕೆಯಿಂದಲ್ಲ; ಬಾಯಿ ತೆಗೆಯುವಷ್ಟು ದೊಡ್ಡ ವಿಷಯ ಅದು ಎನ್ನಿಸಲಿಲ್ಲ. ಆದರೆ ಅಪ್ಪ ಅವತ್ತಿನಿಂದ ಬೇರೆಯಾದ. ಬಾಚಿ ಎತ್ತುವ ಮೊದಲು ಗುರುತನ್ನು ಎರಡು ಸಲ ಮುಟ್ಟಿ ನೋಡುವುದು, ಉಳಿ ಎಷ್ಟಿವೆ ಎಂದು ನನ್ನನ್ನು ಕೇಳುವುದು, ಊಟಕ್ಕೆ ಕೂತರೆ ತಟ್ಟೆಯ ಅಂಚು ಹುಡುಕುವುದು. ನಲವತ್ತು ವರ್ಷ ಕಟ್ಟಿಗೆ ಮುಟ್ಟಿದ ಕೈ ತನಗೆ ಸುಳ್ಳು ಹೇಳುತ್ತಿದೆ ಎಂದು ನಂಬಿಬಿಟ್ಟಿದ್ದ. ನಾನು ಎಣ್ಣೆ ಹಚ್ಚುತ್ತಾ ಅದನ್ನೆಲ್ಲ ನೋಡುತ್ತಿದ್ದೆ.

ನನ್ನ ಗಂಡ ಇಳಕಲ್ಲಿನಿಂದ ಹಾಯಿಗೆ ಬಟ್ಟೆ ತಂದರು. ನೆರೆಮನೆಯ ನೇಕಾರರು ದಪ್ಪ ನೂಲಿನಲ್ಲಿ ನೇಯ್ದು ಕೊಟ್ಟಿದ್ದರು. ಬಿಚ್ಚಿ ನೋಡಿದರೆ ಬಿಳಿ ಬಟ್ಟೆಯ ಎರಡೂ ಅಂಚಿಗೆ ಕೆಂಪು ದಡಿ! ಸೀರೆ ನೇಯ್ದ ಕೈಗೆ ದಡಿಯಿಲ್ಲದೆ ಬಟ್ಟೆ ಇಳಿಸಲು ಮನಸ್ಸು ಬಂದಿರಲಿಲ್ಲ.

"ಅಲ್ಲೋ ಅಳಿಯಾ, ನನ್ನ ದೋಣಿಗಿ ಸೀರಿ ಉಡಸ್ತೀಯೇನು?" ಎಂದು ದುರಗಪ್ಪ ಹೊಟ್ಟೆ ಹಿಡಿದು ನಕ್ಕ. ನನ್ನ ಗಂಡನೂ ನಕ್ಕರು. ನಕ್ಕು ನನ್ನ ಕಡೆ ನೋಡಿದರು. ನಾನು ನಗಬೇಕೆಂದು ನಕ್ಕೆ. ಅವರ ಮುಖ ಸಣ್ಣದಾಯಿತು.

ಪಂಚಮಿ ಒಂದು ವಾರವಿದೆ ಎನ್ನುವಾಗ ಕಂಬ ನಿಲ್ಲಿಸಿದರು. ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ದುರಗಪ್ಪನೂ ಅವನ ಅಣ್ಣತಮ್ಮಂದಿರಿಬ್ಬರೂ ದೋಣಿ ಹತ್ತಿದರು. ಕೆಂಪು ದಡಿಯ ಹಾಯಿ ರಾಟೆಯಲ್ಲಿ ಕಿರ್ರೆಂದು ಮೇಲೆ ಹೋಯಿತು, ಗಾಳಿ ಹಿಡಿಯಿತು, ದೋಣಿ ಮಗ್ಗುಲಾಗಿ ನೀರು ಸೀಳಿಕೊಂಡು ಹೊರಟಿತು. ದಂಡೆಯ ಮೇಲಿನ ಮಂದಿ ಹೋ ಎಂದರು. "ಹೊಂಟಿತೇನು? ಹೊಂಟಿತೇನು?" ಎಂದು ಅಪ್ಪ ನನ್ನ ತೋಳು ಹಿಡಿದು ಕೇಳುತ್ತಿದ್ದ. ಹೊಂಟಿತು ಎಂದೆ. ಕಾಲು ಹೊಳೆ ದಾಟಿರಬೇಕು, ಜೋರು ಗಾಳಿ ಬಂತು. ಕಂಬ ಮುರಿದ ಸಪ್ಪಳ ದಂಡೆಗೆ ಕೇಳಿಸಿತು. ಅಪ್ಪ ನನ್ನ ತೋಳು ಬಿಟ್ಟ.

ಅಣ್ಣತಮ್ಮಂದಿರು ಹುಟ್ಟು ಹಾಕಿ, ಈಚೆ ದಂಡೆಯಲ್ಲೇ ಕೆಳಗೆ ದೂರದಲ್ಲಿ ಹತ್ತಿ, ಮೂವರೂ ನಡೆದು ಬಂದರು. ಯಾರಿಗೂ ಏನೂ ಆಗಿರಲಿಲ್ಲ. ಮುರಿದ ಕಂಬವನ್ನು ಅಪ್ಪನ ಮುಂದೆ ಹಾಕಿದರು. ಅಪ್ಪ ಮುರಿದ ಕಡೆ ಬೆರಳಾಡಿಸಿ ನೋಡಿದ. ಕಟ್ಟಿಗೆಯ ಎಳೆ ಓರೆಯಾಗಿ ಹೊರಗೆ ಹರಿದುಹೋಗಿತ್ತು. ಬಹಳ ಹೊತ್ತು ಅದನ್ನೇ ಮುಟ್ಟುತ್ತಾ ಕೂತ.

"ದುರಗಪ್ಪ, ಘಾಟು ಬಿಟ್ಟಕೊಡು. ಬೋಟಿನಾಂವ ಬರಲಿ. ನನ್ನ ಕೈ ನಂಬಿ ಮಂದೀನ ನೀರಿಗಿ ಇಳಸಬ್ಯಾಡ." ಹಾಗೆಂದು ಬಾಚಿಯನ್ನು ಹುಡುಕಿ ತೆಗೆದು ನನ್ನ ಕಡೆ ಚಾಚಿದ. "ಇದನ್ನ ಅಳಿಯಗ ಕೊಟ್ಟಬಿಡವಾ. ನನಗ ಸಾಕು."

ದುರಗಪ್ಪ ತೊಯ್ದ ಹಾಯಿಯನ್ನು ಮಡಚುತ್ತಾ ಕೂತ. ಅದನ್ನು ಮಡಚುವ ಅಗತ್ಯ ಇರಲಿಲ್ಲ.

ಬಾಚಿಯ ಹಿಡಿಕೆ ಅಪ್ಪನ ಅಂಗೈಯಿಂದ ಬೆಚ್ಚಗಿತ್ತು. ಅದು ಬೆಚ್ಚಗಿದೆ ಎಂದು ನನಗೆ ತಿಳಿಯಿತು. ಯುಗಾದಿಯಿಂದೀಚೆಗೆ ಬಿಸಿ ತಣ್ಣಗೆ ಎಂಬುದೇ ನನಗೆ ಇರಲಿಲ್ಲ.

"ಯಪ್ಪಾ, ನಾ ಅದನ್ನ ನೀರಿಗಿ ಹಾಕೇ ಇಲ್ಲ" ಎಂದೆ.

"ಏನು?"

"ತೊಲಿ. ನೀರಿಗಿ ಹಾಕ್ಲಿಲ್ಲ. ಕೈಗೆ ಹತ್ತಿದ ಕಡೆ ಸುಣ್ಣ ಬಳದೆ."

ಬೈಯುತ್ತಾನೆ, ಹೊಡೆಯುತ್ತಾನೆ, ಹೊಡೆದರೆ ಛಲೋ ಎಂದುಕೊಂಡೆ. ಆತ ತನ್ನ ಎರಡೂ ಅಂಗೈ ಮುಖದ ಮುಂದೆ ಹಿಡಿದುಕೊಂಡ. ಅವು ಆತನಿಗೆ ಕಾಣುತ್ತಿರಲಿಲ್ಲ.

"ಹಂಗಾರ ಗಂಟ ಕೆಳಗ ನೋಡಾಕತ್ತಿದ್ದು ಖರೆ?"

"ಖರೆ ಯಪ್ಪಾ."

"ಹಂಗಾರ ನನ್ನ ಕೈ ಸರಿ ಅದಾವ!" ಎಂದು ಅಪ್ಪ ನಗಲು ಶುರುಮಾಡಿದ. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ. "ದುರಗ್ಯಾ, ಕೇಳಿದ್ಯಾ? ನನ್ನ ಕೈ ಸರಿ ಅದಾವಲೇ!"

ದುರಗಪ್ಪನಿಗೆ ಮಾತ್ರ ನಗು ಬರಲಿಲ್ಲ. ನನ್ನ ಕಡೆ ತಿರುಗಿದ. ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದ ಮನುಷ್ಯ.

"ಮೂರು ಮಂದಿ ಕುಂತಿದ್ವಿ ತಂಗಿ, ದೋಣ್ಯಾಗ" ಎಂದ. ಅಷ್ಟೇ ಎಂದ.

ನಾಚಿಕೆಯಾಯಿತು. ಕಿವಿ ಸುಡುವಷ್ಟು, ನೆಲ ನೋಡುವಷ್ಟು ನಾಚಿಕೆ. ಕೂಸು ಹೋದ ಮೇಲೆ ನನ್ನೊಳಗೆ ಆದದ್ದು ಅದೇ ಮೊದಲು. ದುಃಖ ಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು, ಬಂದದ್ದು ನಾಚಿಕೆ.

ದಿನ ಉಳಿದದ್ದು ಆರೋ ಏಳೋ. ಅಷ್ಟುದ್ದದ ಕಟ್ಟಿಗೆ ಊರಲ್ಲಿ ಇನ್ನೊಂದೇ ಇತ್ತು, ನಮ್ಮ ಪಡಸಾಲೆಯ ತೊಲೆ. ಅದನ್ನಿಳಿಸಿದರೆ ಮನೆ ನಿಲ್ಲುತ್ತಿರಲಿಲ್ಲ. "ಹೆಂಗೂ ಮುಳುಗೂ ಮನಿ" ಎಂದ ಅಪ್ಪ. ಮರುದಿನ ಬೆಳಿಗ್ಗೆ ಸಾಮಾನು ದಿಬ್ಬದ ಹೊಸ ಊರಿಗೆ ಸಾಗಿಸಿ, ಮಾಳಿಗೆಯ ಮೇಲ್ಮುದ್ದೆಯ ಮಣ್ಣು ಕೆದರಿ, ಜಂತೆ ತೆಗೆದು, ತೊಲೆ ಇಳಿಸಿದರು. ಪಡಸಾಲೆಯ ಒಳಗೆ ಬಿಸಿಲು ಬಿದ್ದದ್ದನ್ನು ಮೊದಲ ಸಲ ನೋಡಿದೆ. ತೊಲೆಯ ಒಂದು ಕೊನೆಯ ಹತ್ತಿರ ಹಗ್ಗ ತಿಕ್ಕಿ ಬಿದ್ದ ತಗ್ಗಿನ ಗುರುತಿತ್ತು. ತೊಟ್ಟಿಲು ಕಟ್ಟುತ್ತಿದ್ದ ಜಾಗ. ಅಪ್ಪನದೂ, ನನ್ನದೂ, ಆ ಹೆಣ್ಣುಕೂಸಿನದೂ.

ಈ ಸಲ ಅಪ್ಪ ಯಾರಿಗೂ ಏನೂ ಹೇಳಲಿಲ್ಲ. ನಾನೇ ಹಾರೆ ತೆಗೆದುಕೊಂಡು ಉರುಳಿಸಿದೆ, ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಎದೆಮಟ್ಟದ ನೀರಿನಲ್ಲಿ ತೊಲೆಯನ್ನು ಎರಡೂ ಕೈಯಿಂದ ಹಿಡಿದು, ಅಲ್ಲಾಡದಂತೆ ನಿಲ್ಲಿಸಿ, ಬಿಟ್ಟೆ. ಮೊದಲು ಎರಡೂ ಕಡೆ ಸಮ ಇದ್ದಂತೆ ಕಂಡಿತು. ಆಮೇಲೆ ಎಡಗಡೆಯ ತುದಿ ನಾಲ್ಕು ಬೆರಳು ಕೆಳಗೆ ಹೋಯಿತು. ತಿರುಗಿಸಿ ಮತ್ತೆ ಬಿಟ್ಟೆ. ಅದೇ ತುದಿ. ಮೂರು ಸಲ ನೋಡಿದೆ. ದಂಡೆಗೆ ಎಳೆದು ಆ ತುದಿಗೆ ಸುಣ್ಣ ಹಚ್ಚಿದೆ. ಅಳು ಆಗಲೂ ಬರಲಿಲ್ಲ.

ಅಪ್ಪ ಹಗಲೆಲ್ಲ ಕೆತ್ತಿದ. ರಂದಾ ಈ ಸಲ ಉದ್ದುದ್ದ ಹೆಪ್ಪಳಿಕೆ ತೆಗೆಯುತ್ತಾ ಒಂದೇ ಉಸಿರಿಗೆ ಹೋಗುತ್ತಿತ್ತು. ಕೆಲಸದ ನಡುವೆ ದುರಗಪ್ಪನನ್ನು ಗೇಲಿ ಮಾಡುತ್ತಿದ್ದ, ಉಪ್ಪು ಕಡಿಮೆಯಾಗಿದೆ ಎಂದು ನನ್ನನ್ನು ಬೈಯುತ್ತಿದ್ದ. ಕೊನೆಯ ದಿನ ತೊಟ್ಟಿಲ ಹಗ್ಗದ ಗುರುತಿನ ಹತ್ತಿರ ಬಂದು ಕೈ ನಿಲ್ಲಿಸಿದ.

"ಇದು ಎಲ್ಲಿಗಿ ಬರ್ತೈತಿ, ಕಂಬ ನಿಲ್ಲಿಸಿದ್ರ?"

"ನಿಂತವರ ಎದಿಮಟ್ಟಕ್ಕ. ಕೆತ್ತಿ ತಗೀತೀಯೇನು?"

"ಬ್ಯಾಡ. ಹತ್ತಾವ್ರು ಹಿಡಕೊಳ್ಳಾಕ ಬೇಕಾಗತೈತಿ" ಎಂದು ಅಪ್ಪ ಅದರ ಅಂಚನ್ನಷ್ಟೇ ನಯ ಮಾಡಿದ. ನಾನು ಅದಕ್ಕೆ ಎಣ್ಣೆ ಹಚ್ಚಿದೆ.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ದೋಣಿ ಹೊರಟಿತು. ಹೆಣ್ಣುಮಕ್ಕಳನ್ನು ಹತ್ತಿಸಲು ಒಬ್ಬ ಹೆಂಗಸು ಬೇಕು ಎಂದು ನೆಪ ಹೇಳಿ ನಾನೂ ಹತ್ತಿದೆ. ದುರಗಪ್ಪ ಮುಖ ನೋಡಿದ, ಬೇಡ ಎನ್ನಲಿಲ್ಲ. ನಾನೇ ಹೇಳಿದ ಬುಡದ ಮೇಲೆ ನಾನೇ ಕೂರಬೇಕು ಎಂಬುದು ಅವನಿಗೂ ತಿಳಿದಿತ್ತೆಂದು ಕಾಣುತ್ತದೆ. ನಡುಹೊಳೆಯಲ್ಲಿ ಅದೇ ಜೋರು ಗಾಳಿ ಬಂತು. ಕಂಬ ಬಾಗಿತು, ನರಳಿತು, ಮತ್ತೆ ನೆಟ್ಟಗಾಯಿತು.

ಆಚೆ ದಂಡೆಯಲ್ಲಿ ಗಂಟು ಹೊತ್ತುಕೊಂಡು, ಮಕ್ಕಳನ್ನೆತ್ತಿಕೊಂಡು ಹೆಣ್ಣುಮಕ್ಕಳು ನಿಂತಿದ್ದರು. ಹಾಯಿ ನೋಡಿ "ಅಯ್ಯ, ದೋಣಿ ಸೀರಿ ಉಟ್ಟೈತಿ!" ಎಂದು ಕೇಕೆ ಹಾಕಿದರು. ಒಬ್ಬೊಬ್ಬಳೂ ಹತ್ತುವಾಗ ದೋಣಿ ತುಯ್ಯುತ್ತಿತ್ತು, ಒಬ್ಬೊಬ್ಬಳೂ ಕೈ ಚಾಚಿ ಕಂಬ ಹಿಡಿಯುತ್ತಿದ್ದಳು. ಬೆರಳು ತಾನಾಗಿಯೇ ಆ ತಗ್ಗಿನಲ್ಲಿ ಕೂಡುತ್ತಿದ್ದವು. ನನ್ನ ಶಾಲೆಯ ಗೆಳತಿಯೊಬ್ಬಳು ಕೂಸಿನೊಂದಿಗೆ ಬಂದಳು. ನನ್ನ ಸುದ್ದಿ ಅವಳಿಗೆ ತಿಳಿದಿರಲಿಲ್ಲ. "ಹಿಡಿ ನೀಲಾ ಇದನ್ನ, ನಾ ಹತ್ತತೇನಿ" ಎಂದು ಕೂಸನ್ನು ನನ್ನ ಕೈಗೆ ಹಾಕಿ ಕಂಬ ಹಿಡಿದು ಹತ್ತಿದಳು. ಕೂಸಿನ ತಲೆಯಿಂದ ಎಣ್ಣೆಯ ವಾಸನೆ ಬರುತ್ತಿತ್ತು, ನನ್ನ ಕೈಯಿಂದಲೂ. ಅದನ್ನು ಅವಳಿಗೆ ಕೊಟ್ಟು ಕಂಬಕ್ಕೆ ಹಣೆ ಹಚ್ಚಿ ನಿಂತೆ. ಆಗ ಅಳು ಬಂತು. ಗಾಳಿ ಜೋರಿತ್ತು, ಹೆಣ್ಣುಮಕ್ಕಳು ಪಂಚಮಿಯ ಮಾತಿನಲ್ಲಿದ್ದರು, ಯಾರಿಗೂ ಕೇಳಿಸಲಿಲ್ಲ. ಈಚೆ ದಂಡೆ ಬರುವವರೆಗೂ ಅತ್ತೆ.

ಆ ಘಾಟು ದುರಗಪ್ಪ ಇರುವವರೆಗೂ ದುರಗಪ್ಪನದೇ ಆಗಿತ್ತು. ಪಂಚಮಿ ಮುಗಿಸಿ ನಾನು ಇಳಕಲ್ಲಿಗೆ ಬಂದೆ. ಆದರೆ ಆ ವರ್ಷ ನನಗೆ ಮುಗಿಯುವುದು ದಂಡೆಯ ಮೇಲೆ. ಅವತ್ತು ಹುಣಸೆಮರದ ಕೆಳಗೆ ಅಪ್ಪ ಕೋಲೂರಿ ನಿಂತಿದ್ದ. ಹೆಣ್ಣುಮಕ್ಕಳ ದನಿ ಕೇಳಿ ದೋಣಿ ಬಂದದ್ದು ತಿಳಿದು, ನೀರಿನ ಅಂಚಿನವರೆಗೂ ನಡೆದು ಬಂದ. ನಾನು ಇಳಿದು ಹತ್ತಿರ ಹೋದೆ.

"ನೀಲಾ, ಕಂಬ ಹೆಂಗೈತಿ? ಎಲ್ಲೆರೆ ಎಳಿ ಬಿಟ್ಟೈತೇನು?"

"ಇಲ್ಲ ಯಪ್ಪಾ. ನೆಟ್ಟಗೈತಿ."

"ಖರೆ?"

"ಖರೆ."

"ಆತು ಹಂಗಾರ, ನಡಿ ಮನಿಗಿ" ಎಂದು ಅಪ್ಪ ನನ್ನ ತೋಳು ಹಿಡಿದುಕೊಂಡು ತಿರುಗಿದ. ದೋಣಿ ಎರಡೇ ಹೆಜ್ಜೆಯ ಮೇಲಿತ್ತು. ಕಂಬವನ್ನು ಆತ ಮುಟ್ಟಿ ನೋಡಲಿಲ್ಲ.